ಸೆಪ್ಟೆಂಬರ್ 14 ಅಥವಾ ಅಕ್ಟೋಬರ್ 1: ದಾವಣಗೆರೆಯ ಒಂದು ನಿರುದ್ಯೋಗ ಭತ್ಯೆ ಪ್ರಕರಣ

ಈ ಪ್ರಕರಣದ ಹೆಣ್ಣುಮಗಳನ್ನು ಮಂಜುಳಾ ಎಂದು ಕರೆಯುತ್ತೇನೆ. ಅದು ಅವರ ನಿಜವಾದ ಹೆಸರಲ್ಲ. ಕಾರ್ಖಾನೆ, ಗುತ್ತಿಗೆದಾರರು, ಕಚೇರಿ ಯಾವುದರ ಹೆಸರನ್ನೂ ಹೇಳುವುದಿಲ್ಲ. ಗುರುತು ಸಿಗುವಂಥ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ದಿನಾಂಕಗಳ ಕ್ರಮವನ್ನೂ ಹಾಜರಿಯ ಲೆಕ್ಕವನ್ನೂ ಮಾತ್ರ ಇದ್ದಂತೆಯೇ ಬಿಟ್ಟಿದ್ದೇನೆ, ಯಾಕೆಂದರೆ ಇಡೀ ಪ್ರಕರಣ ನಿಂತಿದ್ದು ಅವುಗಳ ಮೇಲೆಯೇ.

ಹಿನ್ನೆಲೆ

ಮಂಜುಳಾ ದಾವಣಗೆರೆಯವರೇ. ಅವರ ತಂದೆ ಕಾಟನ್ ಮಿಲ್ಲಿನಲ್ಲಿ ದುಡಿದವರು. ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ತಂದ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದಾಗ ಆ ತಲೆಮಾರಿನವರ ಕೈಗೆ ಬಂದದ್ದು ಪಿ.ಎಫ್., ಗ್ರಾಚ್ಯುಟಿ ಇಷ್ಟೇ, ಅದೂ ವರ್ಷಗಟ್ಟಲೆ ಅಲೆದ ಮೇಲೆ. ಸಂಬಳದಲ್ಲಿ ಇ.ಎಸ್.ಐ. (ನೌಕರರ ರಾಜ್ಯ ವಿಮೆ) ಹಿಡಿಯುತ್ತಿದ್ದರು ನಿಜ. ಆದರೆ 1948ರ ಆ ಕಾಯ್ದೆಯಡಿ ಕಾಯಿಲೆ, ಹೆರಿಗೆ, ಕೆಲಸದಲ್ಲಾದ ಗಾಯ, ಸಾವು ಇಂಥವಕ್ಕೆ ಸೌಲಭ್ಯವಿತ್ತೇ ಹೊರತು ಕೆಲಸ ಹೋಯಿತೆಂದರೆ ಕೊಡಲು ಏನೂ ಇರಲಿಲ್ಲ. ಕಾರ್ಖಾನೆ ಮುಚ್ಚಿ ಬೀದಿಗೆ ಬಿದ್ದವರಿಗಾಗಿ ರಾಜೀವ್ ಗಾಂಧಿ ಶ್ರಮಿಕ್ ಕಲ್ಯಾಣ್ ಯೋಜನೆ ಬಂದದ್ದು 2005ರ ಏಪ್ರಿಲ್ 1ರಂದು. ಕೆಲಸ ಹೋದ ಇ.ಎಸ್.ಐ. ವಿಮಾದಾರರಿಗೆ ನಿರುದ್ಯೋಗ ಭತ್ಯೆ ಕೊಡುವ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ ಜಾರಿಯಾದದ್ದು 2018ರ ಜುಲೈ 1ರಂದು. ಈ ಪ್ರಕರಣ ಅದರದೇ. ಅಷ್ಟು ಹೊತ್ತಿಗೆ ಮಿಲ್ಲಿನವರ ಮಕ್ಕಳು ಗಾರ್ಮೆಂಟ್ಸ್ ಸೇರಿಯಾಗಿತ್ತು.

ಮಂಜುಳಾ 2018ರಿಂದ ನಗರದ ಹೊರವಲಯದ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಶರ್ಟಿಗೆ ಕಾಲರ್ ಕೂರಿಸುವ ಕೆಲಸ. ಕೂರುವುದು ಕಾರ್ಖಾನೆಯ ಮೆಷಿನ್ನಿನ ಮುಂದಾದರೂ ಹೆಸರು ಇದ್ದದ್ದು ಗುತ್ತಿಗೆದಾರರ ಪಟ್ಟಿಯಲ್ಲಿ. 2021ರ ಅಕ್ಟೋಬರಿನಲ್ಲಿ ಗುತ್ತಿಗೆದಾರರು ಬದಲಾದರು. ಅದೇ ಗೇಟು, ಅದೇ ಮೆಷಿನ್ನು, ಅದೇ ಬ್ಯಾಚು. ಸಂಬಳದ ಚೀಟಿಯ ತಲೆಬರಹ ಮಾತ್ರ ಬೇರೆಯಾಯಿತು. ಹೊಸಬರು ಎಲ್ಲರಿಂದ ಆಧಾರ್ ಜೆರಾಕ್ಸ್, ಎರಡು ಫೋಟೊ ತೆಗೆದುಕೊಂಡರು. ಅದರಾಚೆ ಯಾರೂ ಏನನ್ನೂ ಕೇಳಲಿಲ್ಲ, ಇವರೂ ಹೇಳಲಿಲ್ಲ.

ಸಂಬಳ ತಿಂಗಳಿಗೆ ಸುಮಾರು 10,800 ರೂಪಾಯಿ. 2019ರ ಜುಲೈನಿಂದ ಕಾರ್ಮಿಕರ ಪಾಲು ಶೇ 0.75, ಮಾಲೀಕರ ಪಾಲು ಶೇ 3.25. ಹಾಗಾಗಿ ಚೀಟಿಯಲ್ಲಿ ಇ.ಎಸ್.ಐ. ಎಂದು ಹಿಡಿಯುತ್ತಿದ್ದದ್ದು ಎಂಬತ್ತು ಚಿಲ್ಲರೆ ರೂಪಾಯಿ. ಇಷ್ಟು ಸಣ್ಣ ಮೊತ್ತವನ್ನು ಯಾರು ತಾನೇ ಬೆನ್ನು ಹತ್ತಿ ನೋಡುತ್ತಾರೆ?

2022ರಲ್ಲಿ ಅತ್ತೆ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿಯಿತು. ಮೇ ನಡುವಿನಿಂದ ಜುಲೈ ಎರಡನೇ ಭಾಗದವರೆಗೆ ಮಂಜುಳಾ ಸಂಬಳವಿಲ್ಲದ ರಜೆಯ ಮೇಲಿದ್ದರು. ಮರಳಿ ಬಂದಾಗ ಆರ್ಡರ್ ಕಡಿಮೆಯಾಗಿತ್ತು, ವಾರದಲ್ಲಿ ಒಂದೆರಡು ದಿನ ಮನೆಗೆ ಕಳಿಸುತ್ತಿದ್ದರು. ಗಣೇಶನ ಹಬ್ಬ ಕಳೆದು ಎರಡು ವಾರಕ್ಕೆ, ಸೆಪ್ಟೆಂಬರ್ 14ರ ಸಂಜೆ, ನಾಳೆಯಿಂದ ಈ ಲೈನ್ ನಡೆಯುವುದಿಲ್ಲ ಎಂದರು. ಲೆಕ್ಕ ಚುಕ್ತಾ ಮಾಡಲು ಅಕ್ಟೋಬರ್ 1ರಂದು ಕರೆಸಿ, ಬಾಕಿ ಸಂಬಳ ಕೊಟ್ಟು, ಅಂದಿನ ತಾರೀಕು ಹಾಕಿದ ಕಾಗದಕ್ಕೆ ಸಹಿ ಮಾಡಿಸಿಕೊಂಡರು. ಆ ತಾರೀಕು ಮುಂದೆ ತೊಡಕಾಗುತ್ತದೆಂದು ಸಹಿ ಮಾಡಿದವರಿಗೂ ಮಾಡಿಸಿದವರಿಗೂ ಹೊಳೆದಿರಲಿಲ್ಲ.

ನಿಯಮ ಏನು ನೋಡುತ್ತದೆ

ಅಟಲ್ ಯೋಜನೆ ಮೊದಲು ಬಂದಾಗ ಷರತ್ತು ಬಿಗಿಯಿತ್ತು. ಎರಡು ವರ್ಷದ ವಿಮಾ ಉದ್ಯೋಗ, ಹಿಂದಿನ ನಾಲ್ಕೂ ವಂತಿಗೆ ಅವಧಿಗಳಲ್ಲಿ (ಇ.ಎಸ್.ಐ. ಹಣ ಕಟ್ಟುವ ಲೆಕ್ಕದ ಆರಾರು ತಿಂಗಳು) ತಲಾ 78 ದಿನ, ಸಿಗುತ್ತಿದ್ದದ್ದು ಸರಾಸರಿ ದಿನಗೂಲಿಯ ಶೇ 25. ಕೊರೊನಾ ಬಂದ ಮೇಲೆ ಅದನ್ನು ಸಡಿಲಿಸಿದರು. ಭತ್ಯೆ ಶೇ 50 ಆಯಿತು. ಎರಡು ವರ್ಷದ ಷರತ್ತು ಹಾಗೇ ಉಳಿಯಿತು. 78 ದಿನದ ಷರತ್ತು ಮಾತ್ರ ಎರಡು ಅವಧಿಗೆ ಇಳಿಯಿತು: ಕೆಲಸ ಹೋಗುವುದಕ್ಕೆ ಲಗತ್ತಾದ, ಅಂದರೆ ಅದಕ್ಕೆ ನೇರ ಹಿಂದೆ ಮುಗಿದ, ಅವಧಿಯಲ್ಲಿ 78 ದಿನ, ಅದಕ್ಕೂ ಹಿಂದಿನ ಮೂರರಲ್ಲಿ ಯಾವುದಾದರೂ ಒಂದರಲ್ಲಿ 78 ದಿನ. ಕೆಲಸ ಹೋಗಿ 90 ದಿನವಾದ ಮೇಲೆ ಅರ್ಜಿ ಎನ್ನುವುದು 30 ದಿನಕ್ಕೆ ಬಂತು. ಮಾಲೀಕರ ಮೂಲಕವೇ ಬರಬೇಕೆಂಬುದು ಹೋಗಿ ಕಾರ್ಮಿಕರೇ ನೇರವಾಗಿ ಕೊಡಬಹುದಾಯಿತು. ಗರಿಷ್ಠ 90 ದಿನ, ಅದೂ ಜೀವಮಾನಕ್ಕೆ ಒಮ್ಮೆ ಎನ್ನುವುದು ಬದಲಾಗಲಿಲ್ಲ.

ವಂತಿಗೆ ಅವಧಿ ವರ್ಷಕ್ಕೆ ಎರಡು. ಏಪ್ರಿಲ್ 1ರಿಂದ ಸೆಪ್ಟೆಂಬರ್ 30, ಅಕ್ಟೋಬರ್ 1ರಿಂದ ಮಾರ್ಚ್ 31. ಕಾಯಿಲೆ ಭತ್ಯೆಯ ವಿಷಯದಲ್ಲಿ ಇವಕ್ಕೆ ಮೂರು ತಿಂಗಳು ಬಿಟ್ಟು ಸೌಲಭ್ಯ ಅವಧಿಗಳಿವೆ. ಏಪ್ರಿಲ್–ಸೆಪ್ಟೆಂಬರ್ ದುಡಿದದ್ದು ಮುಂದಿನ ಜನವರಿ–ಜೂನ್‌ಗೆ, ಅಕ್ಟೋಬರ್–ಮಾರ್ಚ್ ದುಡಿದದ್ದು ಮುಂದಿನ ಜುಲೈ–ಡಿಸೆಂಬರ್‌ಗೆ. ನಿರುದ್ಯೋಗ ಭತ್ಯೆಗೆ ಈ ಬಿಡುವು ಇಲ್ಲ, ಕೆಲಸ ಹೋದ ದಿನದಲ್ಲಿ ನಿಂತು ನೇರ ಹಿಂದಕ್ಕೆ ನೋಡುತ್ತದೆ. ಇದನ್ನು ಗಟ್ಟಿ ಹಿಡಿಯದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಕೆಲಸ ಹೋದ ದಿನ ಯಾವುದು ಎನ್ನುವುದರ ಮೇಲೆ ಯಾವ ಆರು ತಿಂಗಳನ್ನು ತೂಗಬೇಕು ಎನ್ನುವುದು ತೀರ್ಮಾನವಾಗುತ್ತದೆ.

ಮೊದಲ ಅರ್ಜಿ, ಮೊದಲ ತಿರಸ್ಕಾರ

ಅಕ್ಟೋಬರ್ ಕೊನೆಗೆ ಮಂಜುಳಾ ಒಂದು ಸೈಬರ್ ಅಂಗಡಿಯಲ್ಲಿ ಅರ್ಜಿ ಹಾಕಿಸಿದರು. ಅಂಗಡಿಯವನು ಅವರ ಬಳಿ ಇದ್ದ ಇತ್ತೀಚಿನ ಇ-ಪೆಹಚಾನ್ ಕಾರ್ಡಿನ (ಇ.ಎಸ್.ಐ. ಗುರುತಿನ ಚೀಟಿಯ) ಸಂಖ್ಯೆ ಹಾಕಿದ. ಎರಡು ವರ್ಷದ ವಿಮಾ ಉದ್ಯೋಗ ಇಲ್ಲ ಎಂದು ಅರ್ಜಿ ವಾಪಸ್ ಬಂತು. ನಾಲ್ಕು ವರ್ಷ ಒಂದೇ ಮೆಷಿನ್ನಿನ ಮುಂದೆ ಕೂತವರಿಗೆ ಎರಡು ವರ್ಷ ಆಗಿಲ್ಲ ಎಂದರೆ ಹೇಗಾಗಬೇಡ.

ಕಾರ್ಮಿಕರ ಪಿ.ಎಫ್., ಇ.ಎಸ್.ಐ. ಕಾಗದಪತ್ರ ನೋಡುವುದು ನನ್ನ ಕೆಲಸ. ನವೆಂಬರಿನಲ್ಲಿ ಅದೇ ಲೈನಿನ ಐದಾರು ಜನರ ಜೊತೆ ಅವರು ಬಂದರು. ಆ ಹೊತ್ತಿಗೆ ಗುಂಪಿನಲ್ಲಿ ಒಂದು ವಾದ ಎದ್ದಿತ್ತು. ಅಟಲ್ ಯೋಜನೆಯ ಮೂರು ತಿಂಗಳ ದುಡ್ಡಿಗೆ ಯಾಕೆ ಬಡಿದಾಡಬೇಕು, ರಾಜೀವ್ ಗಾಂಧಿ ಯೋಜನೆಯಲ್ಲಿ 24 ತಿಂಗಳು ಸಿಗುತ್ತದೆ, ಮೊದಲ ವರ್ಷ ಶೇ 50, ಎರಡನೇ ವರ್ಷ ಶೇ 25, ಅದನ್ನೇ ಕೇಳೋಣ ಎಂದು ಒಬ್ಬ ಹಿರಿಯರು ಹಟ ಹಿಡಿದಿದ್ದರು. ಅವರು ಹೇಳಿದ ಮೊತ್ತ ಸರಿಯೇ ಇತ್ತು. ಆದರೆ ಆ ಯೋಜನೆಗೆ ಆಗ ಜಾರಿಯಲ್ಲಿದ್ದ ಕೈಗಾರಿಕಾ ವಿವಾದ ಕಾಯ್ದೆಯ ಪ್ರಕಾರ ಕಾರ್ಖಾನೆ ಮುಚ್ಚಿರಬೇಕಿತ್ತು ಇಲ್ಲವೇ ಕಾರ್ಮಿಕರನ್ನು ಕಾನೂನುಬದ್ಧ ಕಡಿತದ (ರಿಟ್ರೆಂಚ್‌ಮೆಂಟ್) ಮೂಲಕ ಕೆಲಸದಿಂದ ತೆಗೆದಿರಬೇಕಿತ್ತು. ಇಲ್ಲಿ ಕಾರ್ಖಾನೆ ನಡೆಯುತ್ತಲೇ ಇತ್ತು, ಪಕ್ಕದ ಲೈನಿನಲ್ಲಿ ಪ್ಯಾಂಟು ಹೊಲಿಯುತ್ತಿದ್ದರು. ಕಡಿತದ ನೋಟಿಸ್ ಯಾರ ಕೈಗೂ ಬಂದಿರಲಿಲ್ಲ. ನೋಟಿಸ್ ಕೊಡದೆ ತೆಗೆದದ್ದೇ ತಪ್ಪು ಎಂದು ಕಾರ್ಮಿಕ ಇಲಾಖೆಯಲ್ಲಿ ವಿವಾದ ಎತ್ತುವ ದಾರಿ ಇತ್ತು. ಅದು ವರ್ಷಗಳ ಮಾತು. ಕೈಯಲ್ಲಿ ಕಾಸಿಲ್ಲದವರನ್ನು ಆ ದಾರಿಗೆ ಹಚ್ಚಿ ಈ ದಾರಿಯನ್ನು ಬಿಡಿಸುವುದು ನನಗೆ ಸರಿ ಕಾಣಲಿಲ್ಲ. ವಿವಾದ ಬೇಕಾದವರು ಅದನ್ನು ಬೇರೆಯಾಗಿ ಹೂಡಲಿ, ಅಟಲ್ ಯೋಜನೆಯ ಅರ್ಜಿ ಮಾತ್ರ ನಿಲ್ಲಿಸುವುದು ಬೇಡ ಎಂದು ಹೇಳಿದೆ. ಹಿರಿಯರು ಒಪ್ಪಲಿಲ್ಲ, ಮಂಜುಳಾ ಒಪ್ಪಿದರು.

ಎರಡು ಸಂಖ್ಯೆ, ಒಬ್ಬರೇ ಮನುಷ್ಯರು

ವಿಮಾದಾರರ ಲಾಗಿನ್‌ನಲ್ಲಿ ವಂತಿಗೆ ಇತಿಹಾಸ ತೆರೆದರೆ ತಿಂಗಳಿಗೆ ಒಂದು ಸಾಲು ಕಾಣುತ್ತದೆ. ಮಾಲೀಕರ ಕೋಡ್, ಸಂಬಳ ಕೊಟ್ಟ ದಿನಗಳು, ಸಂಬಳ, ವಂತಿಗೆ. ಮಂಜುಳಾ ಅವರ ಪುಟ 2021ರ ಅಕ್ಟೋಬರಿನಿಂದ ಶುರುವಾಗುತ್ತಿತ್ತು. ಅದರ ಹಿಂದೆ ಏನೂ ಇಲ್ಲ.

ಹಳೆಯ ಸಂಬಳದ ಚೀಟಿ ಇದ್ದರೆ ತನ್ನಿ ಎಂದೆ. ಅವರು ಸೀರೆ ಅಂಗಡಿಯ ಚೀಲದಲ್ಲಿ ಒಂದು ಕಟ್ಟು ತಂದರು. ಬೆರಳಗಲದ ಕಂಪ್ಯೂಟರ್ ಪಟ್ಟಿಗಳು, ಅಕ್ಷರ ಮಾಸಿದವು, ಕೆಲವಕ್ಕೆ ಅರಿಶಿನದ ಕಲೆ. 2019ರ ಒಂದರ ಮೇಲೆ ಇ.ಎಸ್.ಐ. ಸಂಖ್ಯೆ ಸ್ಪಷ್ಟವಾಗಿತ್ತು. ಹತ್ತು ಅಂಕಿ, ಹೊಸ ಕಾರ್ಡಿನ ಹತ್ತು ಅಂಕಿಗೂ ಇದಕ್ಕೂ ಸಂಬಂಧವೇ ಇಲ್ಲ. ಹಳೆಯದರಲ್ಲಿ ಅವರ ಹೆಸರಿನ ಮುಂದೆ ತಂದೆಯ ಹೆಸರು, ಹೊಸದರಲ್ಲಿ ಗಂಡನ ಹೆಸರು. ಹುಟ್ಟಿದ ದಿನ ಎರಡರಲ್ಲೂ ಒಂದೇ. ಹೊಸ ಗುತ್ತಿಗೆದಾರರು ಹಳೆಯ ಸಂಖ್ಯೆ ಕೇಳುವ ಗೋಜಿಗೆ ಹೋಗದೆ ಎಲ್ಲರನ್ನೂ ಹೊಸಬರೆಂದು ನೋಂದಾಯಿಸಿಬಿಟ್ಟಿದ್ದರು.

ಇಂಥದು ದಾವಣಗೆರೆ, ಹರಿಹರದ ಕಡೆ ಗುತ್ತಿಗೆ ಬದಲಾದಾಗೆಲ್ಲ ಕಾಣುತ್ತದೆ. ದುಡ್ಡು ಕಟ್ಟಿರುತ್ತಾರೆ, ಕಳವು ಇಲ್ಲ. ಆದರೆ ಒಬ್ಬರ ದುಡಿಮೆ ಎರಡು ಹೆಸರಿನಲ್ಲಿ ಎರಡು ಕಡೆ ಕೂತಿರುತ್ತದೆ. ಪಿ.ಎಫ್.ನಲ್ಲಿ ಹೀಗಾಗಿರಲಿಲ್ಲ ಎನ್ನುವುದು ಗಮನಿಸಬೇಕಾದ ಮಾತು. ಅಲ್ಲಿ ಯು.ಎ.ಎನ್. (ಕೆಲಸ ಬದಲಾದರೂ ಉಳಿಯುವ ಪಿ.ಎಫ್. ಸಂಖ್ಯೆ) ಆಧಾರ್‌ಗೆ ಜೋಡಣೆಯಾಗಿದ್ದರಿಂದ ಹಳೆಯ ಗುತ್ತಿಗೆದಾರರೂ ಹೊಸಬರೂ ಒಂದೇ ಸಂಖ್ಯೆಯಡಿ ಮೇಲೆ ಕೆಳಗೆ ಬಂದಿದ್ದರು. ಹಾಗಾಗಿ ಎರಡು ಇ.ಎಸ್.ಐ. ಸಂಖ್ಯೆಗಳೂ ಒಬ್ಬರವೇ ಎಂದು ತೋರಿಸಲು ನಾವು ಮೊದಲು ಇಟ್ಟದ್ದು ಪಿ.ಎಫ್. ಸೇವಾ ವಿವರದ ಪುಟವನ್ನು.

ಎರಡೂ ಸಂಖ್ಯೆಗಳನ್ನು ಒಂದು ಮಾಡಿ ಎಂಬ ಅರ್ಜಿಯ ಜೊತೆ ಆಧಾರ್, ಬ್ಯಾಂಕ್ ಪಾಸ್‌ಬುಕ್, ಹಳೆಯ ಚೀಟಿಗಳು, ಎರಡೂ ಕಾರ್ಡು, ಮದುವೆಯ ನಂತರ ಹೆಸರು ಬದಲಾದದ್ದಕ್ಕೆ ರೇಷನ್ ಕಾರ್ಡು. ಇಬ್ಬರು ಗುತ್ತಿಗೆದಾರರಿಂದಲೂ ಪತ್ರ ಬೇಕೆಂದು ಇ.ಎಸ್.ಐ. ಶಾಖಾ ಕಚೇರಿಯವರು ಹೇಳಿದರು. ಹಳೆಯ ಗುತ್ತಿಗೆದಾರರು ಫೋನಿಗೆ ಸಿಕ್ಕಿ, ಮರುದಿನವೇ ಲೆಟರ್‌ಹೆಡ್‌ನಲ್ಲಿ ಬರೆದುಕೊಟ್ಟರು. ಗುತ್ತಿಗೆ ಕಳೆದುಕೊಂಡವರಿಗೆ ಇದರಲ್ಲಿ ಭಯಪಡುವುದೇನೂ ಇರಲಿಲ್ಲ. ಹಾಲಿ ಗುತ್ತಿಗೆದಾರರೇ ಎಳೆದಾಡಿದರು. ಸಂಖ್ಯೆಗಳನ್ನು ಒಂದು ಮಾಡುವುದು ಶಾಖೆಯ ಮಟ್ಟದಲ್ಲಿ ಮುಗಿಯದೆ ಮೇಲಿನ ಕಚೇರಿಗೆ ಹೋಗಿ ಬರಬೇಕಾಯಿತು. ಜನವರಿಯಲ್ಲಿ ಹಳೆಯ ಸಂಖ್ಯೆ ಉಳಿದು, ಹೊಸದರ ಸಾಲುಗಳೆಲ್ಲ ಅದರ ಕೆಳಗೆ ಬಂದು ಕೂತವು. ಈಗ ಪುಟ 2018ರಿಂದ ಶುರು.

ಇಲ್ಲಿಗೆ ಮುಗಿಯಿತೆಂದು ಎಲ್ಲರೂ ಅಂದುಕೊಂಡಿದ್ದರು.

ಏಳು ದಿನ ಕಡಿಮೆ

ಎರಡನೇ ಅರ್ಜಿಯೂ ನಿಂತಿತು. ಎರಡು ವರ್ಷದ ಮಾತು ಈ ಸಲ ಬರಲಿಲ್ಲ. ಲಗತ್ತಾದ ಹಿಂದಿನ ಅವಧಿಯಲ್ಲಿ 78 ದಿನವಿಲ್ಲ ಎಂದರು. ಯಾವ ಅವಧಿ ಎಂದು ಕೇಳಿದರೆ 2022ರ ಏಪ್ರಿಲ್–ಸೆಪ್ಟೆಂಬರ್.

ಆ ಆರು ತಿಂಗಳ ಸಾಲುಗಳನ್ನು ಪ್ರಿಂಟ್ ತೆಗೆದು ಕೂಡಿದೆವು. ಏಪ್ರಿಲ್ 24, ಮೇ 11, ಜೂನ್ ಸೊನ್ನೆ, ಜುಲೈ 9, ಆಗಸ್ಟ್ 15, ಸೆಪ್ಟೆಂಬರ್ 12. ಒಟ್ಟು 71. ಅತ್ತೆಯ ಸೊಂಟ ಮುರಿದ ತಿಂಗಳುಗಳು.

ಮೊದಲು ಕೈಹಾಕಿದ್ದು ಈ 71ಕ್ಕೆ. ದಿನಗಳ ಕಲಂನಲ್ಲಿ ಎಣಿಸಬೇಕಾದ್ದು ಬರೀ ಮೆಷಿನ್ನಿನ ಮುಂದೆ ಕೂತ ದಿನಗಳನ್ನಲ್ಲ, ಸಂಬಳ ಕೊಟ್ಟ ಮತ್ತು ಕೊಡಬೇಕಾದ ದಿನಗಳನ್ನು. ಸಂಬಳದ ರಜೆ, ಹಬ್ಬದ ರಜೆ ಇದರೊಳಗೆ ಬರುತ್ತವೆ. ಕರ್ನಾಟಕದ 1963ರ ರಜಾ ಕಾಯ್ದೆಯ ಪ್ರಕಾರ ಮೇ 1, ಆಗಸ್ಟ್ 15 ಸಂಬಳ ಸಹಿತ ರಜೆಗಳು. ಚೀಟಿ ನೋಡಿದರೆ ಎರಡಕ್ಕೂ ಸಂಬಳ ಸೇರಿಸಿಲ್ಲ. ಸೇರಿಸಿದರೆ 73. ಆಗಸ್ಟಿನಲ್ಲಿ ಕೆಲಸವಿಲ್ಲವೆಂದು ಮನೆಗೆ ಕಳಿಸಿದ ದಿನಗಳಿಗೆ ಲೇ-ಆಫ್ ಪರಿಹಾರ ಕೇಳಬಹುದಿತ್ತು, ಆದರೆ ಯಾವ ದಿನ ಕಳಿಸಿದರು ಎನ್ನುವುದಕ್ಕೆ ಸಾಕ್ಷಿಯಿಲ್ಲ. ಹೇಗೆ ಎಳೆದರೂ 78 ಮುಟ್ಟಲಿಲ್ಲ. ಗುಂಪಿನ ಒಬ್ಬಾಕೆ, 'ಗುತ್ತಿಗೆದಾರರ ಕೈಕಾಲು ಹಿಡಿದು ಜೂನಿಗೆ ಒಂದು ಏಳು ದಿನ ಹಾಕಿಸಿಬಿಡೋಣ ಸರ್, ದುಡ್ಡು ನಾವೇ ಕಟ್ತೀವಿ' ಎಂದರು. ಇಲ್ಲದ ಹಾಜರಿಯನ್ನು ಬರೆಸಿದರೆ ಸಿಕ್ಕಿಬೀಳುವುದು ಗುತ್ತಿಗೆದಾರರ ಜೊತೆ ಮಂಜುಳಾ ಕೂಡ. ಅದನ್ನು ಅಲ್ಲಿಗೇ ಕೈಬಿಟ್ಟೆವು.

ಮತ್ತೆ ಪ್ರಿಂಟನ್ನೇ ನೋಡುತ್ತ ಕೂತಾಗ ಕಣ್ಣಿಗೆ ಬಿದ್ದದ್ದು ಏಳನೇ ಸಾಲು. ಅಕ್ಟೋಬರ್ 2022, ದಿನ ಸೊನ್ನೆ, ಸಂಬಳ ಸೊನ್ನೆ, ಕಾರಣ ಕೆಲಸ ಬಿಟ್ಟರು, ಕೊನೆಯ ಕೆಲಸದ ದಿನ 01-10-2022.

ಇದು ಹೇಗೆ ಬಂತು ಎನ್ನುವುದು ತಿಳಿದಿರಬೇಕು. ಮಾಲೀಕರು ಪ್ರತಿ ತಿಂಗಳ ವಂತಿಗೆಯನ್ನು ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಅದಕ್ಕಾಗಿ ತುಂಬುವ ಪಟ್ಟಿಯಲ್ಲಿ ಯಾರದಾದರೂ ದಿನ ಸೊನ್ನೆಯಿದ್ದರೆ ಕಾರಣದ ಕೋಡ್ ಕೊಡಲೇಬೇಕು. ರಜೆಯ ಮೇಲಿದ್ದಾರೆ, ಕೆಲಸ ಬಿಟ್ಟರು, ನಿವೃತ್ತಿ, ವ್ಯಾಪ್ತಿಯ ಹೊರಗೆ, ಮುಷ್ಕರ ಅಥವಾ ಲಾಕ್‌ಔಟ್, ಕಡಿತ, ಕೆಲಸವಿಲ್ಲ ಹೀಗೆ ಒಂದು ಪಟ್ಟಿಯಿದೆ. ಅದರಲ್ಲಿ 'ಎರಡು ಸಂಖ್ಯೆ ಇರುವವರು' ಎನ್ನುವುದಕ್ಕೂ ಒಂದು ಕೋಡ್ ಇದೆ. ಅಂದರೆ ಮಂಜುಳಾ ಅವರಿಗಾದದ್ದು ಪಟ್ಟಿ ಮಾಡಿದವರಿಗೂ ಗೊತ್ತಿದ್ದ ವಿಷಯವೇ. ಸೆಪ್ಟೆಂಬರಿನಲ್ಲಿ 12 ದಿನ ಇದ್ದದ್ದರಿಂದ ಕಾರಣ ಕೇಳಲಿಲ್ಲ. ಅಕ್ಟೋಬರಿನಲ್ಲಿ ಕೇಳಿತು. ಗುತ್ತಿಗೆದಾರರ ಗುಮಾಸ್ತ ಎದುರಿಗಿದ್ದ ಚುಕ್ತಾ ಕಾಗದ ನೋಡಿ, ಅದರ ಮೇಲಿನ ತಾರೀಕನ್ನೇ ಕೊನೆಯ ದಿನವೆಂದು ಒತ್ತಿದ್ದ.

ಅಲ್ಲಿಗೆ ಮಂಜುಳಾ ಅವರ ಕೆಲಸ ಹೋದದ್ದು ಅಕ್ಟೋಬರಿನಲ್ಲಿ ಎಂದಾಯಿತು. ಅಕ್ಟೋಬರಿನಿಂದ ಹಿಂದಕ್ಕೆ ನೋಡಿದರೆ ಲಗತ್ತಾದ ಅವಧಿ ಏಪ್ರಿಲ್–ಸೆಪ್ಟೆಂಬರ್, ಅಲ್ಲಿ 71. ಸೆಪ್ಟೆಂಬರ್ 14ರಿಂದ ಹಿಂದಕ್ಕೆ ನೋಡಿದರೆ ಏಪ್ರಿಲ್–ಸೆಪ್ಟೆಂಬರ್ ಅವಧಿ ಇನ್ನೂ ಮುಗಿದಿಲ್ಲ, ಲಗತ್ತಾದದ್ದು 2021ರ ಅಕ್ಟೋಬರಿನಿಂದ 2022ರ ಮಾರ್ಚ್. ಅಲ್ಲಿ ದಿನಗಳು 150.

ಗುತ್ತಿಗೆದಾರರ ಕಚೇರಿಗೆ ಹೋಗಿ ಗುಮಾಸ್ತನಿಗೆ ಇದನ್ನು ಬಿಡಿಸಿ ಹೇಳಿದಾಗ ಅವನು ನಿಜಕ್ಕೂ ಗಲಿಬಿಲಿಗೊಂಡ. 'ಏನ್ರೀ ಇದು, ಹದಿನೈದು ದಿನ ಮುಂದೆ ತೋರಿಸಿದರೆ ಅಕ್ಕಾರಿಗೆ ಒಳ್ಳೇದೇ ಅಲ್ಲೇನ್ರಿ? ಸರ್ವಿಸ್ ಜಾಸ್ತಿ ಆಗುತ್ತಲ್ಲ' ಎಂದ. ಕೆಟ್ಟ ಉದ್ದೇಶ ಎಳ್ಳಷ್ಟೂ ಇರಲಿಲ್ಲ. ತಿದ್ದುಪಡಿಗೆ ಬರೆದುಕೊಡು ಎಂದರೆ ಮಾತ್ರ ಹಿಂದೆ ಸರಿದ. ಸಲ್ಲಿಸಿದ ಪಟ್ಟಿಯನ್ನು ತಿದ್ದಲು ಅರ್ಜಿ ಕೊಟ್ಟರೆ ಇನ್‌ಸ್ಪೆಕ್ಷನ್ ಬರುತ್ತದೆ ಎಂಬ ಹೆದರಿಕೆ. ಮಾಲೀಕರನ್ನು ಕೇಳಿ ಹೇಳುತ್ತೇನೆ ಎಂದವನು ಹೇಳಲೇ ಇಲ್ಲ.

ತಿರುವು

ಇಲ್ಲಿ ಒಂದು ತೀರ್ಮಾನ ಮಾಡಬೇಕಿತ್ತು. ಗುತ್ತಿಗೆದಾರರ ಬೆನ್ನು ಹತ್ತಿ ಪಟ್ಟಿಯನ್ನೇ ತಿದ್ದಿಸುವುದೋ, ಪಟ್ಟಿ ಹಾಗೇ ಇರಲಿ, ನಿಜವಾದ ದಿನಾಂಕವನ್ನು ಬೇರೆ ದಾಖಲೆಯಿಂದ ಸಾಬೀತು ಮಾಡುವುದೋ. ಮೊದಲನೆಯದರಲ್ಲಿ ಬೀಗದ ಕೈ ಅವರ ಬಳಿ ಇತ್ತು. ಎರಡನೆಯದನ್ನು ಆರಿಸಿದೆವು.

ಸೆಪ್ಟೆಂಬರಿನ ಸಂಬಳದ ಚೀಟಿಯಲ್ಲಿ 12 ದಿನ. ಆ ವರ್ಷ ಸೆಪ್ಟೆಂಬರ್ 1 ಗುರುವಾರ. 14ರವರೆಗೆ ಎರಡು ಭಾನುವಾರ ಕಳೆದರೆ ಸರಿಯಾಗಿ 12. ಅಂದರೆ 14ರ ನಂತರ ಒಂದು ದಿನವೂ ಕೆಲಸ ಮಾಡಿಲ್ಲ ಎನ್ನುವುದು ಗುತ್ತಿಗೆದಾರರದೇ ಲೆಕ್ಕದಿಂದ ಹೊರಡುತ್ತಿತ್ತು. ಲೈನ್ ನಿಲ್ಲಿಸುವ ಬಗ್ಗೆ ಗೇಟಿನ ಬಳಿ ಅಂಟಿಸಿದ್ದ ಕಾಗದದ ಫೋಟೊ ಇಬ್ಬರ ಮೊಬೈಲಿನಲ್ಲಿತ್ತು. ಆದರೆ ಕಚೇರಿಯವರು ತಲೆಯಾಡಿಸಿದ್ದು ಇವೆರಡಕ್ಕಲ್ಲ. ಸಂಖ್ಯೆ ಒಂದು ಮಾಡಲು ಹಿಂದೆಯೇ ಲಗತ್ತಿಸಿದ್ದ ಪಿ.ಎಫ್. ಸೇವಾ ವಿವರದ ಕೊನೆಯ ಕಲಂ ಅನ್ನು ಯಾರೂ ಓದಿರಲಿಲ್ಲ. ಅದರಲ್ಲಿ ನಿರ್ಗಮನದ ದಿನಾಂಕ 14-09-2022 ಎಂದಿತ್ತು, ನಮೂದಿಸಿದವರು ಮಾಲೀಕರು. ಗುತ್ತಿಗೆದಾರರ ಪಿ.ಎಫ್. ಕೆಲಸವನ್ನು ಹೊರಗಿನ ಒಬ್ಬ ಕನ್ಸಲ್ಟೆಂಟ್ ನೋಡುತ್ತಿದ್ದರು, ಅವರು ಹಾಜರಿ ಪುಸ್ತಕ ನೋಡಿ ತುಂಬಿದ್ದರು. ಇ.ಎಸ್.ಐ. ಮಾತ್ರ ಒಳಗಿನ ಗುಮಾಸ್ತ. ಒಂದೇ ಮಾಲೀಕರು ಒಂದು ಇಲಾಖೆಗೆ ಒಂದು ತಾರೀಕು, ಇನ್ನೊಂದಕ್ಕೆ ಇನ್ನೊಂದು ತಾರೀಕು ಕೊಟ್ಟಿದ್ದರು.

ಇದನ್ನಿಟ್ಟು ಮಂಜುಳಾ ಶಾಖೆಗೆ ಒಂದು ಪುಟದ ಮನವಿ ಕೊಟ್ಟರು. ಅದರಲ್ಲಿ ಗುತ್ತಿಗೆದಾರರ ಮೇಲೆ ದೂರಿನ ಮಾತು ಹಾಕಬಾರದೆಂದು ಅವರೇ ಹಟ ಹಿಡಿದರು. 'ನನಗೆ ಜಗಳ ಬೇಡ ಸರ್, ತಾರೀಕು ಸರಿಯಾದರೆ ಸಾಕು.' ಅದು ಒಳ್ಳೆಯದೇ ಆಯಿತು. ಕಚೇರಿಯಿಂದ ಗುತ್ತಿಗೆದಾರರಿಗೆ ಹೋದದ್ದು ವಿವರಣೆ ಕೇಳುವ ಪತ್ರ. ಆರೋಪವಿಲ್ಲದ ಪತ್ರಕ್ಕೆ ಅವರು ಹದಿನೈದು ದಿನದೊಳಗೆ, ಅಕ್ಟೋಬರ್ 1 ಲೆಕ್ಕ ಚುಕ್ತಾ ಮಾಡಿದ ದಿನ, ಕೊನೆಯ ಕೆಲಸದ ದಿನ ಸೆಪ್ಟೆಂಬರ್ 14 ಎಂದು ಉತ್ತರ ಕೊಟ್ಟರು.

ಸಿಕ್ಕದ್ದು ಎಷ್ಟು

2023ರ ಏಪ್ರಿಲಿನಲ್ಲಿ ಮಂಜುಳಾ ಅವರ ಖಾತೆಗೆ 13,365 ರೂಪಾಯಿ ಬಂತು. ಅವರ ಎಣಿಕೆಯಲ್ಲಿ ಹೆಚ್ಚು ಇತ್ತು. ದಿನಕ್ಕೆ 430 ದುಡಿಯುತ್ತಿದ್ದೆ, ಅರ್ಧವೆಂದರೆ 215, 90 ದಿನಕ್ಕೆ 19 ಸಾವಿರದ ಮೇಲಾಗಬೇಕಲ್ಲ ಎಂದರು. ಗುಂಪಿನ ಎಲ್ಲರೂ ಇದನ್ನೇ ಕೇಳಿದರು.

ಈ ಯೋಜನೆಯಲ್ಲಿ ಸರಾಸರಿ ತೆಗೆಯುವ ರೀತಿ ಬೇರೆ. ಹಿಂದಿನ ನಾಲ್ಕು ವಂತಿಗೆ ಅವಧಿಗಳ ಒಟ್ಟು ಸಂಬಳವನ್ನು 730ರಿಂದ ಭಾಗಿಸುತ್ತಾರೆ. ದುಡಿದ ದಿನಗಳಿಂದ ಭಾಗಿಸುವುದಿಲ್ಲ. ಭಾನುವಾರ, ಹಬ್ಬ, ರಜೆ, ಲಾಕ್‌ಡೌನ್ ಎಲ್ಲವೂ ಆ 730ರೊಳಗೆ ಇರುತ್ತವೆ. ಮಂಜುಳಾ ಅವರ ನಾಲ್ಕು ಅವಧಿ 2020ರ ಏಪ್ರಿಲಿನಿಂದ ಶುರು, ಅಂದರೆ ಕಾರ್ಖಾನೆಗಳಿಗೆ ಬೀಗ ಬಿದ್ದಿದ್ದ ತಿಂಗಳು. ಆ ಅವಧಿಯಲ್ಲಿ ಬಂದ ಸಂಬಳ 41,230. ಮುಂದಿನ ಮಾರ್ಚ್‌ವರೆಗೆ 61,480. 2021ರ ಬೇಸಿಗೆಯಲ್ಲಿ ಮತ್ತೆ ಲಾಕ್‌ಡೌನ್, ಆ ಆರು ತಿಂಗಳಿಗೆ 48,900. ಕೊನೆಯದು 65,200. ಒಟ್ಟು 2,16,810. 730ರಿಂದ ಭಾಗಿಸಿದರೆ 297, ಅದರ ಅರ್ಧ 148 ರೂಪಾಯಿ 50 ಪೈಸೆ, ಅದನ್ನು 90ರಿಂದ ಗುಣಿಸಿದರೆ 13,365. ಪೈಸೆ ತಪ್ಪಿರಲಿಲ್ಲ.

ಸಂಖ್ಯೆಗಳನ್ನು ಒಂದು ಮಾಡಿದ್ದರ ಬೆಲೆ ಇಲ್ಲಿ ಇನ್ನೊಮ್ಮೆ ಕಾಣುತ್ತದೆ. ಹಳೆಯ ಸಂಖ್ಯೆಯ ಮೂರು ಅವಧಿ ಸೇರದೆ ಹೋಗಿದ್ದರೆ ಎರಡು ವರ್ಷದ ಷರತ್ತು ದಾಟುವುದಂತಿರಲಿ, ಸರಾಸರಿಗೆ ಹಿಡಿಯುವ ಒಟ್ಟು ಸಂಬಳವೂ 65,200ಕ್ಕೇ ನಿಲ್ಲುತ್ತಿತ್ತು.

ಜನವರಿಯಲ್ಲೇ ಅವರಿಗೆ ಬೇರೆ ಗಾರ್ಮೆಂಟ್ಸ್‌ನಲ್ಲಿ ಕೆಲಸ ಸಿಕ್ಕಿತ್ತು. ಭತ್ಯೆಯ 90 ದಿನ ಡಿಸೆಂಬರಿನಲ್ಲೇ ಮುಗಿದಿದ್ದರಿಂದ ಅದು ಅಡ್ಡ ಬರಲಿಲ್ಲ. ಅಲ್ಲಿಯ ಗುಮಾಸ್ತರೂ ಆಧಾರ್ ಜೆರಾಕ್ಸ್ ಇಸಿದುಕೊಂಡು ಹೊಸ ಸಂಖ್ಯೆ ಮಾಡಲು ಹೊರಟಿದ್ದರು. ಹಳೆಯದೇ ಹಾಕಿ ಎಂದು ಮಂಜುಳಾ ಪ್ರಿಂಟ್ ಮುಂದಿಟ್ಟರು.

ಬೇರೆಯವರು ಇದರಲ್ಲಿ ನೋಡಬೇಕಾದ್ದು

ಕೆಲಸ ಹೋದ ಮೇಲೆ ಅರ್ಜಿ ಹೇಗೆ ತುಂಬಬೇಕೆಂದು ಕೇಳಿಕೊಂಡು ಬರುವವರೇ ಹೆಚ್ಚು. ಅರ್ಜಿಯಲ್ಲಿ ತುಂಬುವುದಕ್ಕೆ ಅಂಥದ್ದೇನೂ ಇಲ್ಲ. ಅರ್ಹತೆ ಆಗಲೇ ಬೇರೊಬ್ಬರು ತಿಂಗಳು ತಿಂಗಳು ತುಂಬಿದ ಸಾಲುಗಳಲ್ಲಿ ಇರುತ್ತದೆ ಅಥವಾ ಇರುವುದಿಲ್ಲ. ಹಾಗಾಗಿ ನೋಡಬೇಕಾದ ಹೊತ್ತು ಗುತ್ತಿಗೆದಾರರು ಬದಲಾದ ಮುಂದಿನ ತಿಂಗಳು. 15ನೇ ತಾರೀಕು ಕಳೆದ ಮೇಲೆ ಲಾಗಿನ್ ತೆರೆದು ಹಳೆಯ ಸಂಖ್ಯೆಯಡಿ ಹೊಸ ಸಾಲು ಬಂದಿದೆಯೇ ನೋಡಿದರೆ ಸಾಕು. ಆಗಿನ್ನೂ ಎಲ್ಲರೂ ಕೈಗೆ ಸಿಗುತ್ತಾರೆ, ತಿದ್ದುವುದೂ ಸುಲಭ.

ಚುಕ್ತಾ ಕಾಗದಕ್ಕೆ ಸಹಿ ಹಾಕುವಾಗ, ಕೊನೆಯ ಕೆಲಸದ ದಿನ ಇಂಥದ್ದು ಎಂದು ಆ ಕಾಗದದಲ್ಲೇ ಬರೆಸಿಕೊಳ್ಳಬೇಕು. ಸಹಿಯ ತಾರೀಕು ಅದರ ಪಕ್ಕ ಬೇರೆಯಾಗಿ ನಿಲ್ಲುತ್ತದೆ. ಏಪ್ರಿಲ್ ಮತ್ತು ಅಕ್ಟೋಬರ್ ಹತ್ತಿರದಲ್ಲಿ ಕೆಲಸ ಕಳೆದುಕೊಂಡವರಿಗಂತೂ ಇದು ಬಹಳ ಮುಖ್ಯ. ಜುಲೈ ನಡುವೆ ಕೆಲಸ ಹೋದವರಿಗೆ ಹದಿನೈದು ದಿನ ಹಿಂದೆ ಮುಂದೆ ಆದರೂ ಅವಧಿ ಬದಲಾಗುವುದಿಲ್ಲ. ಸೆಪ್ಟೆಂಬರ್ ಕೊನೆಯಲ್ಲಿ, ಮಾರ್ಚ್ ಕೊನೆಯಲ್ಲಿ ಒಂದು ದಿನವೂ ದೊಡ್ಡದು. ಇದು ಯಾವಾಗಲೂ ಹಿಂದಿನ ತಾರೀಕೇ ಲಾಭ ಎಂದಲ್ಲ. ಕಳೆದ ಆರು ತಿಂಗಳು ಚೆನ್ನಾಗಿ ದುಡಿದು ಅದರ ಹಿಂದಿನ ಆರು ತಿಂಗಳು ಮನೆಯಲ್ಲಿದ್ದವರಿಗೆ ಲೆಕ್ಕ ತಿರುಗುಮುರುಗಾಗುತ್ತದೆ. ಹಾಗೆಂದು ಲಾಭದ ತಾರೀಕನ್ನು ಆರಿಸಿಕೊಳ್ಳಲು ಬರುವುದಿಲ್ಲ. ನಿಜವಾದ ತಾರೀಕನ್ನು ತೋರಿಸಲು ಎರಡು ದಾಖಲೆ ಕೈಯಲ್ಲಿರಬೇಕು, ಅಷ್ಟೇ.

ಇ.ಎಸ್.ಐ. ತಪ್ಪಿದ್ದಲ್ಲಿ ಪಿ.ಎಫ್. ಸರಿಯಿರಬಹುದು, ಪಿ.ಎಫ್. ತಪ್ಪಿದ್ದಲ್ಲಿ ಇ.ಎಸ್.ಐ. ಸರಿಯಿರಬಹುದು. ಎರಡನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡುವುದು ಈ ಪ್ರಕರಣದ ನಂತರ ನಮ್ಮಲ್ಲಿ ಮೊದಲ ಕೆಲಸವಾಗಿದೆ.

ಗುಂಪಿನ ಉಳಿದವರಲ್ಲಿ ಹೆಚ್ಚಿನವರಿಗೆ ಇದೇ ದಾರಿಯಲ್ಲಿ ಹಣ ಬಂತು. ಅವರಿಗೆ ಏಪ್ರಿಲ್–ಸೆಪ್ಟೆಂಬರಿನಲ್ಲೂ 78 ದಾಟಿದ್ದರಿಂದ ತಾರೀಕಿನ ಗೊಡವೆಯೇ ಇರಲಿಲ್ಲ, ಸಂಖ್ಯೆ ಒಂದಾದರೆ ಸಾಕಿತ್ತು.

ಫ್ಲೋರ್ ಇನ್‌ಚಾರ್ಜ್ ಆಗಿದ್ದ ಒಬ್ಬ ಹುಡುಗನದು ಮಾತ್ರ ಬೇರೆ ಕತೆ. 2022ರ ಜೂನಿನಲ್ಲಿ ಅವನ ಸಂಬಳ 20,400ರಿಂದ 21,600ಕ್ಕೆ ಏರಿತ್ತು. ಆಗ ಇ.ಎಸ್.ಐ. ಸಂಬಳದ ಮಿತಿ 21,000. ಗುತ್ತಿಗೆದಾರರು ಆ ತಿಂಗಳೇ ವಂತಿಗೆ ಹಿಡಿಯುವುದನ್ನು ನಿಲ್ಲಿಸಿದರು. ಅವಧಿಯ ನಡುವೆ ಸಂಬಳ ಮಿತಿ ದಾಟಿದರೂ ಆ ಅವಧಿ ಮುಗಿಯುವವರೆಗೆ, ಅಂದರೆ ಸೆಪ್ಟೆಂಬರ್ 30ರವರೆಗೆ, ವಂತಿಗೆ ಕಟ್ಟಲೇಬೇಕು. ಹಾಗಾಗಿಯೇ 'ವ್ಯಾಪ್ತಿಯ ಹೊರಗೆ' ಎಂಬ ಕೋಡ್ ಅವಧಿಯ ಮೊದಲ ತಿಂಗಳಲ್ಲಿ ಮಾತ್ರ ನಡೆಯುತ್ತದೆ. ಜೂನಿನಲ್ಲಿ ಅದು ನಡೆಯದಿದ್ದಾಗ ಗುಮಾಸ್ತ 'ಕೆಲಸ ಬಿಟ್ಟರು' ಎಂದು ಒತ್ತಿ ಮುಂದೆ ಹೋಗಿದ್ದ. ದಾಖಲೆಯಲ್ಲಿ ಹುಡುಗ ಮೇ ಕೊನೆಗೇ ಕೆಲಸ ಬಿಟ್ಟವನು, ನಿಜದಲ್ಲಿ ಸೆಪ್ಟೆಂಬರ್ 14ರವರೆಗೆ ಫ್ಲೋರಿನಲ್ಲಿ ನಿಂತವನು. ಇಲ್ಲಿ ದಾಖಲೆ ತಿದ್ದಿದರೆ ಸಾಲದು, ಕಟ್ಟದ ವಂತಿಗೆಯನ್ನು ಬಡ್ಡಿ ಸಹಿತ ಕಟ್ಟಬೇಕು. ಗುತ್ತಿಗೆದಾರರು ಕೈಚೆಲ್ಲಿದರು. ಆಗ ಜಾರಿಯಲ್ಲಿದ್ದ ಇ.ಎಸ್.ಐ. ಕಾಯ್ದೆಯ 40ನೇ ಕಲಂ ಪ್ರಕಾರ ಗುತ್ತಿಗೆ ಕಾರ್ಮಿಕರ ವಂತಿಗೆಯನ್ನೂ ಮೊದಲು ಕಟ್ಟಬೇಕಿದ್ದವರು ಮೂಲ ಮಾಲೀಕರು, ಅಂದರೆ ಇಲ್ಲಿ ಕಾರ್ಖಾನೆ, ಆಮೇಲೆ 41ನೇ ಕಲಂನಡಿ ಅದನ್ನು ಗುತ್ತಿಗೆದಾರರಿಂದ ವಸೂಲಿ ಮಾಡಿಕೊಳ್ಳಬಹುದಿತ್ತು. ಹಾಗಾಗಿ ಹುಡುಗ ಕಾರ್ಖಾನೆಯ ಮೇಲೆಯೇ ದೂರು ಕೊಟ್ಟ. ನೋಟಿಸ್ ಹೋದ ಮೇಲೆ ಕಾರ್ಖಾನೆ ನಾಲ್ಕು ತಿಂಗಳ ಬಾಕಿ ಕಟ್ಟಿತು. ಅವನ ಅರ್ಜಿ ಮಂಜೂರಾದದ್ದು ಮಂಜುಳಾ ಅವರಿಗಿಂತ ಎಷ್ಟೋ ತಡವಾಗಿ, ಆ ವೇಳೆಗೆ ಅವನು ತುಮಕೂರಿನಲ್ಲಿ ಬೇರೆ ಕೆಲಸಕ್ಕೆ ಸೇರಿಯಾಗಿತ್ತು.